ಕೋಟೆ ತಾನಾಗಿ ಬೀಳಲಿಲ್ಲ: ಕಾರ್ಫ್ ಲೇಖನ ಕಳಿಸಿದವರಿಗೆ

ಪ್ರಿಯ ಲೇಖಕರೇ,

ಇಂಗ್ಲೆಂಡಿನ ಡಾರ್ಸೆಟ್ ಸೀಮೆಯ ಕಾರ್ಫ್ ಕೋಟೆಯ ಬಗ್ಗೆ ನೀವು ಕಳಿಸಿದ ಲೇಖನ ಓದಿದೆವು. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಕೋಟೆಯನ್ನು ನೀವು ಸುತ್ತಾಡಿ ನೋಡಿದ್ದೀರಿ ಅನ್ನುವುದು ಗೊತ್ತಾಗುತ್ತದೆ. ಹಾಗಾಗಿ ಎಲ್ಲಿ ಎಡವಿದ್ದೀರಿ ಎಂದು ಬಿಡಿಸಿ ಹೇಳುತ್ತೇವೆ.

'ಕಾಲನ ಹೊಡೆತಕ್ಕೆ ಸಿಕ್ಕಿ ಶಿಥಿಲವಾದ ಕೋಟೆ' ಎಂದು ಶುರುಮಾಡಿದ್ದೀರಿ. ಅದೇ ತಪ್ಪು. ಕಾರ್ಫ್ ಕೋಟೆಯನ್ನು ಬೇಕೆಂದೇ ಕೆಡವಿದರು. ದೊರೆಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದ ಹೊತ್ತಿಗೆ ಅದು ಒಂದನೇ ಚಾರ್ಲ್ಸ್ ದೊರೆಯ ಪಕ್ಷದ ಬ್ಯಾಂಕ್ಸ್ ಮನೆತನದ ಕೈಯಲ್ಲಿತ್ತು. 1643ರ ಮುತ್ತಿಗೆಯನ್ನು ಮೇರಿ ಬ್ಯಾಂಕ್ಸ್ ಸಣ್ಣ ಕಾವಲುಪಡೆ ಇಟ್ಟುಕೊಂಡೇ ತಡೆದರು. 1646ರಲ್ಲಿ ಕೋಟೆ ಕೈತಪ್ಪಿದ್ದು ಒಳಗಿನವರಿಂದ: ಪಿಟ್‌ಮನ್ ಎಂಬ ಅಧಿಕಾರಿ, ನೆರವಿನ ಪಡೆ ತರುತ್ತೇನೆಂದು ಹೇಳಿ ಶತ್ರು ಸೈನಿಕರನ್ನೇ ಒಳಗೆ ಬಿಟ್ಟ. ಅದೇ ವರ್ಷ ಪಾರ್ಲಿಮೆಂಟು ಕೋಟೆಯನ್ನು ನೆಲಸಮ ಮಾಡಲು ಆಜ್ಞೆ ಹೊರಡಿಸಿತು. ನಿಮ್ಮಲ್ಲಿ ಇದಕ್ಕೆ ಸಿಕ್ಕಿರುವುದು ಕೊನೆಯ ಪ್ಯಾರಾದ ಎರಡು ಸಾಲು. ಲೇಖನ ಇಲ್ಲಿಂದಲೇ ಶುರುವಾಗಬೇಕು.

ಕೆಡವಿದ್ದು ಹೇಗೆಂದೂ ಬರೆಯಿರಿ. ಅಷ್ಟು ದಪ್ಪದ ಗೋಡೆಯನ್ನು ಮೇಲಿನಿಂದ ಒಂದೊಂದೇ ಕಲ್ಲು ಕಿತ್ತು ಮುಗಿಸುವಂತಿರಲಿಲ್ಲ. ಬುಡ ಕೊರೆದು, ಮದ್ದು ತುಂಬಿ ಸಿಡಿಸಿದರು. ಆಧಾರ ತಪ್ಪಿದ ಗೋಡೆ ಪುಡಿಯಾಗುವ ಬದಲು ಇಡಿಯಾಗಿ ಕುಸಿಯುತ್ತದೆ, ಇಲ್ಲವೇ ಇಳಿಜಾರಿನತ್ತ ವಾಲುತ್ತದೆ. ನೈಋತ್ಯ ಹೆಬ್ಬಾಗಿಲಿನ ಮುಂದೆ ನಿಂತು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: ಒಂದು ಪಕ್ಕದ ಬುರುಜು ನಿಂತ ನಿಲುವಿನಲ್ಲೇ ಕೆಳಕ್ಕೆ ಜಾರಿದೆ, ಕಮಾನು ನಡುವೆ ಸೀಳಿ ಎರಡು ತುಂಡುಗಳು ಮಟ್ಟ ತಪ್ಪಿವೆ. ನೀವು ಅದನ್ನು 'ವಿಚಿತ್ರವಾಗಿ ವಾಲಿದ ಗೋಪುರ' ಎಂದಷ್ಟೇ ಬರೆದು ಮುಂದೆ ಹೋಗಿದ್ದೀರಿ. ಇಡೀ ಲೇಖನಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಸಿಗದು.

ಮಳೆಗಾಳಿಯ ಪಾತ್ರ ಇಲ್ಲವೆಂದಲ್ಲ, ಅದು ಆಮೇಲಿನದು. ಇಂಥ ಗೋಡೆಗಳಲ್ಲಿ ಹೊರಮೈಗೆ ಮಾತ್ರ ಕೆತ್ತಿದ ಕಲ್ಲು, ಒಳಗೆ ಸುಣ್ಣದ ಗಾರೆಯಲ್ಲಿ ಕಲೆಸಿದ ಒರಟು ಕಲ್ಲು. ಕೆತ್ತಿದ ಕಲ್ಲನ್ನು ಕೆಳಗಿನ ಹಳ್ಳಿಯವರು ಮನೆ ಕಟ್ಟಲು ಒಯ್ದರು. ಹೊದಿಕೆ ಹೋದಮೇಲೆ ಗಾರೆಗೆ ನೀರಿಳಿಯುತ್ತದೆ, ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗಿ ಬಿರುಕನ್ನು ಅಗಲಿಸುತ್ತದೆ. ಮೊದಲು ಮದ್ದು, ಆಮೇಲೆ ಕಲ್ಲು ಒಯ್ದ ಕೈಗಳು, ಕೊನೆಗೆ ಹವೆ. ಈ ಕ್ರಮ ಅದಲುಬದಲಾದರೆ ಇತಿಹಾಸವೇ ತಪ್ಪುತ್ತದೆ.

ಇನ್ನೊಂದು ದೊಡ್ಡ ತಪ್ಪು, 978ರಲ್ಲಿ ಎಡ್ವರ್ಡ್ ದೊರೆ 'ಈ ಗೋಡೆಗಳ ನಡುವೆ' ಕೊಲೆಯಾದ ಎಂಬುದು. ಕೊಲೆ ನಡೆದದ್ದು ಕಾರ್ಫಿನಲ್ಲಿ, ನಿಜ. ಆದರೆ ಈಗಿನ ಕಲ್ಲುಕೋಟೆ ಶುರುವಾದದ್ದು 1066ರಲ್ಲಿ ಫ್ರಾನ್ಸಿನ ಕಡೆಯಿಂದ ನಾರ್ಮನ್ನರು ಗೆದ್ದು ಬಂದ ಮೇಲೆ. ಬೆಟ್ಟದ ತುದಿಯ ಮುಖ್ಯ ಬುರುಜು ಇನ್ನೂ ತಡ, 12ನೇ ಶತಮಾನದ ಆರಂಭದಲ್ಲಿ ಒಂದನೇ ಹೆನ್ರಿ ಕಟ್ಟಿಸಿದ್ದು. ಜಾನ್ ದೊರೆಯ ಅರಮನೆ ಅದಕ್ಕೂ ಸುಮಾರು ನೂರು ವರ್ಷ ಈಚಿನದು. ಈ ಮೂರನ್ನೂ ನೀವು 'ಪುರಾತನ' ಎಂಬ ಒಂದೇ ಪದದಲ್ಲಿ ಕಟ್ಟಿಹಾಕಿದ್ದೀರಿ. ಯಾವ ಗೋಡೆ ಯಾರ ಕಾಲದ್ದೆಂದು ಬಿಡಿಸಿ ಹೇಳಿ.

ಅರಸರ ಪಟ್ಟಿಯನ್ನು ಪೂರ್ತಿ ತೆಗೆಯಿರಿ. ಕಟ್ಟಿದವರು, ಮಾರಿದವರು, ಕೊಂಡವರು ಇದ್ದರೆ ಸಾಕು: 1572ರಲ್ಲಿ ಎಲಿಜಬೆತ್ ರಾಣಿ ಇದನ್ನು ತನ್ನ ಆಸ್ಥಾನದ ಕ್ರಿಸ್ಟಫರ್ ಹ್ಯಾಟನ್‌ಗೆ ಮಾರಿದಳು, 1635ರಲ್ಲಿ ಮೇರಿಯ ಗಂಡ ಜಾನ್ ಬ್ಯಾಂಕ್ಸ್ ಕೊಂಡರು. ಅರಸರ ಕೋಟೆ ಖಾಸಗಿ ಆಸ್ತಿಯಾದ ಈ ತಿರುವು ಗೊತ್ತಿಲ್ಲದೆ ಮುತ್ತಿಗೆಯ ಕತೆ ಅರ್ಥವಾಗದು.

ಚಿತ್ರಗಳಲ್ಲಿ ಮಂಜಿನ ನಡುವಿನ ದೂರದ ನೋಟಗಳೇ ಹೆಚ್ಚು. ಒಂದನ್ನು ಉಳಿಸಿ, ಸೀಳಿದ ಕಮಾನಿನ ಹತ್ತಿರದ ಚಿತ್ರ ಸೇರಿಸಿ. ಒಳಗೋಡೆಯಲ್ಲಿ ತೊಲೆ ಕೂರಿಸುತ್ತಿದ್ದ ಗುಂಡಿಗಳ ಸಾಲು ಕಾಣುವ ಚಿತ್ರವಿದ್ದರೆ ಅದೂ ಬೇಕು, ಎಷ್ಟು ಅಂತಸ್ತು ಇತ್ತೆಂದು ಓದುಗರೇ ಎಣಿಸಿಕೊಳ್ಳುತ್ತಾರೆ. ಜೊತೆಗೆ ಹೆಬ್ಬಾಗಿಲು, ಮುಖ್ಯ ಬುರುಜು, ಜಾನ್ ದೊರೆಯ ಅರಮನೆ ಗುರುತಿಸಿದ ಕೈನಕ್ಷೆಯೊಂದನ್ನು ಬರೆದು ಕಳಿಸಿ. 1,200 ಪದಗಳಿಗೆ ಇಳಿಸಿ ಬರೆದರೆ ಮತ್ತೆ ಓದುತ್ತೇವೆ.

ಸಂಪಾದಕರು