ಟಿಕಿಂಟರ್‌ನಲ್ಲಿ ಟ್ಯಾಬ್‌ಗಳ ಹಿನ್ನೆಲೆ ಬಣ್ಣ ಏಕೆ ಬದಲಾಗುವುದಿಲ್ಲ?

ವಿಂಡೋಸ್‌ನಲ್ಲಿ ಪೈಥಾನ್‌ನ ಟಿಕಿಂಟರ್ (ಕಿಟಕಿ, ಗುಂಡಿಗಳಂಥ ಪರದೆಯ ಭಾಗಗಳನ್ನು ಕಟ್ಟುವ ಸಾಧನ) ಬಳಸುತ್ತಿದ್ದು, ನೋಟ್‌ಬುಕ್ (ಟ್ಯಾಬ್‌ಗಳಿಂದ ಪುಟ ಬದಲಿಸುವ ಭಾಗ) ಟ್ಯಾಬ್‌ಗೆ ಕೊಟ್ಟ ಹಿನ್ನೆಲೆ ಬಣ್ಣ ಕಾಣಿಸದಿದ್ದರೆ ಥೀಮನ್ನು, ಅಂದರೆ ಒಟ್ಟಾರೆ ರೂಪವಿನ್ಯಾಸವನ್ನು, ‘ಕ್ಲ್ಯಾಮ್’ಗೆ ಬದಲಿಸಿ, ಆಮೇಲೆ ಬಣ್ಣ ಕೊಡಿ. ನಿಮ್ಮ ಕೋಡ್ ಸರಿಯಾಗಿಯೇ ಇರಬಹುದು, ಅದನ್ನು ಕೇಳಿಸಿಕೊಳ್ಳುವವರೇ ಅಲ್ಲಿಲ್ಲ.

ವಿಂಡೋಸ್‌ನಲ್ಲಿ ತಾನಾಗಿ ಬರುವುದು ‘ವಿಸ್ಟಾ’ ಥೀಮ್. ಅದರಲ್ಲಿ ಟ್ಯಾಬ್‌ನ ಚೌಕಟ್ಟನ್ನೂ ಒಳಮೈಯನ್ನೂ ಬಿಡಿಸುವ ಕೆಲಸವನ್ನು ಟಿಕಿಂಟರ್ ನೇರವಾಗಿ ವಿಂಡೋಸ್‌ಗೆ ಒಪ್ಪಿಸುತ್ತದೆ. ವಿಂಡೋಸ್ ತನ್ನ ಬಣ್ಣವನ್ನೇ ಬಳಿಯುತ್ತದೆ. ಅಕ್ಷರಗಳನ್ನು ಮಾತ್ರ ಟಿಕಿಂಟರ್ ತಾನೇ ಬರೆಯುವುದರಿಂದ ಫಾಂಟ್ ಬದಲಾಗುತ್ತದೆ, ಹಿನ್ನೆಲೆ ಬದಲಾಗುವುದಿಲ್ಲ. ಈ ಅರೆಬರೆ ವಿಧೇಯತೆಯೇ ಗೊಂದಲದ ಮೂಲ. ಮ್ಯಾಕ್‌ನ ‘ಆಕ್ವಾ’ ಥೀಮ್‌ನದೂ ಬಹುಮಟ್ಟಿಗೆ ಇದೇ ಕಥೆ. ‘ಕ್ಲ್ಯಾಮ್’, ‘ಆಲ್ಟ್’, ‘ಡಿಫಾಲ್ಟ್’ ಥೀಮ್‌ಗಳಲ್ಲಾದರೆ ಪ್ರತಿ ಗೆರೆಯನ್ನೂ ಟಿಕಿಂಟರೇ ಎಳೆಯುತ್ತದೆ, ಹಾಗಾಗಿ ನಿಮ್ಮ ಮಾತು ನಡೆಯುತ್ತದೆ.

ಥೀಮ್ ಬದಲಿಸಿದ ಮೇಲೂ ಒಂದು ಕೊಕ್ಕೆ ಉಳಿಯುತ್ತದೆ. ರೂಪ ನಿರ್ಧರಿಸುವ ‘ಸ್ಟೈಲ್’ ಎಂಬುದರಲ್ಲಿ ‘ಕಾನ್ಫಿಗರ್’ ಆದೇಶವು ಸಾಮಾನ್ಯ ಸ್ಥಿತಿಯ ರೂಪವನ್ನು ಹೇಳುತ್ತದೆ. ‘ಮ್ಯಾಪ್’ ಎಂಬುದು ಟ್ಯಾಬ್ ಆಯ್ಕೆಯಾದಾಗ, ಅದರ ಮೇಲೆ ಮೌಸ್ ಬಂದಾಗ ಹೇಗಿರಬೇಕೆಂದು ಹೇಳುತ್ತದೆ. ಎರಡೂ ಇದ್ದರೆ ಗೆಲ್ಲುವುದು ಮ್ಯಾಪ್. ಕ್ಲ್ಯಾಮ್ ತನ್ನದೇ ಮ್ಯಾಪ್ ಬಣ್ಣಗಳನ್ನು ಮೊದಲೇ ಇಟ್ಟುಕೊಂಡಿರುವುದರಿಂದ ಕಾನ್ಫಿಗರ್ ಒಂದರಿಂದಲೇ ಕೆಲಸವಾಗುವುದಿಲ್ಲ: ಸಾಮಾನ್ಯ ಬಣ್ಣವನ್ನು ಕಾನ್ಫಿಗರ್‌ನಲ್ಲಿ ಬರೆದು, ಆಯ್ಕೆಯಾದ ಟ್ಯಾಬ್‌ನ ಬಣ್ಣವನ್ನು ಮ್ಯಾಪ್‌ನಲ್ಲಿ ಬರೆಯಿರಿ. ಅಕ್ಷರದ ಸುತ್ತಲಿನ ಜಾಗಕ್ಕೂ, ಅಂದರೆ ಪ್ಯಾಡಿಂಗ್‌ಗೂ, ಇದೇ ನಿಯಮ. ಅದನ್ನು ಮ್ಯಾಪ್‌ನಲ್ಲಿ ಮರೆತರೆ, ಕ್ಲಿಕ್ ಮಾಡಿದ ಟ್ಯಾಬ್ ಮಾತ್ರ ಕುಗ್ಗಿ ನಿಲ್ಲುತ್ತದೆ.

ಥೀಮ್ ಬದಲಿಸಿದರೆ ಗುಂಡಿಗಳು, ಸ್ಕ್ರಾಲ್ ಪಟ್ಟಿಗಳ ರೂಪವೂ ಬದಲಾಗುತ್ತದೆ. ಟ್ಯಾಬ್‌ಗೆ ಮಾತ್ರ ಬೇರೆ ಥೀಮ್‌ನ ರೂಪ ಬೇಕಿದ್ದರೆ, ಸ್ಟೈಲ್‌ನ ‘ಎಲಿಮೆಂಟ್ ಕ್ರಿಯೇಟ್’ ಮೂಲಕ ಆ ಥೀಮ್‌ನ ಟ್ಯಾಬ್ ಭಾಗವನ್ನಷ್ಟೇ ಎರವಲು ತರಬೇಕಾಗುತ್ತದೆ.