ಆ ಮನೆಯ ಜಗಳ ಎಲ್ಲಿ ಹೋಯಿತು?

ಪ್ರಿಯ ಲೇಖಕರೇ,

ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ಸರಿಪಡಿಸುವ ಕೈರೊಪ್ರಾಕ್ಟಿಕ್ ಚಿಕಿತ್ಸೆ ಹುಟ್ಟುಹಾಕಿದ ಅಮೆರಿಕದ ಪಾಮರ್ ಮನೆತನದ ಮೂರು ತಲೆಮಾರಿನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸರಾಗವಾಗಿದೆ, ಕಾಗುಣಿತ ತಪ್ಪಿಲ್ಲ, ವಿಷಯವೂ ನಮ್ಮ ಓದುಗರಿಗೆ ಹೊಸದು. ಆದರೆ ಎರಡು ವಾಕ್ಯಗಳನ್ನು ಓದಿ ಸಿಟ್ಟು ಬಂತು. ಉಳಿದದ್ದನ್ನು ಬಿಟ್ಟು ಅವುಗಳ ಬಗ್ಗೆಯೇ ಬರೆಯುತ್ತೇನೆ.

ನಿಮ್ಮ ಮೊದಲ ಸಾಲು: ‘1895ರ ಸೆಪ್ಟೆಂಬರ್ 18ರಂದು ಡ್ಯಾವೆನ್‌ಪೋರ್ಟಿನಲ್ಲಿ ಡಿ.ಡಿ. ಪಾಮರ್ ಅವರು ಬೆನ್ನುಮೂಳೆಯನ್ನು ಒಂದೇ ಒಂದು ಸಲ ಒತ್ತಿದರು. ಕಟ್ಟಡ ಗುಡಿಸುತ್ತಿದ್ದ ಹಾರ್ವಿ ಲಿಲ್ಲಾರ್ಡನ ಹದಿನೇಳು ವರ್ಷದ ಕಿವುಡು ಪವಾಡದಂತೆ ಮಾಯವಾಯಿತು.’

ನೀವು ಪಕ್ಕದಲ್ಲಿ ನಿಂತು ನೋಡಿದ ಹಾಗಿದೆ. ಈ ತಾರೀಖು ಕೊಟ್ಟವರು ಯಾರು? ಪಾಮರ್ ಪಾಳಯದವರು. 1897ರಲ್ಲಿ ಪಾಮರರೇ ಅಚ್ಚು ಹಾಕಿಸಿದ ಪ್ರಚಾರಪತ್ರದಲ್ಲಿ ಲಿಲ್ಲಾರ್ಡರ ಹೇಳಿಕೆಯೊಂದಿದೆ. ಅದರ ಪ್ರಕಾರ ಇದು ನಡೆದದ್ದು ‘ಕಳೆದ ಜನವರಿ’ಯಲ್ಲಿ, ಚಿಕಿತ್ಸೆ ಎರಡು ಸಲ. ನಿಮ್ಮ ಸೆಪ್ಟೆಂಬರೂ ಅಲ್ಲಾಡಿತು, ‘ಒಂದೇ ಒಂದು ಸಲ’ವೂ ಅಲ್ಲಾಡಿತು. ಲಿಲ್ಲಾರ್ಡರ ಮಗಳು ಎಷ್ಟೋ ವರ್ಷಗಳ ಮೇಲೆ ಹೇಳಿದ ಕಥೆಯಂತೂ ಬೇರೆಯೇ: ಅಪ್ಪ ಗೆಳೆಯನಿಗೆ ಏನೋ ತಮಾಷೆ ಹೇಳುತ್ತಿದ್ದರು, ಕೇಳಿಸಿಕೊಂಡ ಪಾಮರ್ ನಗುತ್ತಾ ಬಂದು ಕೈಯಲ್ಲಿದ್ದ ಪುಸ್ತಕದಿಂದ ಬೆನ್ನಿಗೆ ಒಂದೇಟು ಹಾಕಿದರು, ಕೆಲವು ದಿನಗಳ ಮೇಲೆ ಕಿವಿ ಸ್ವಲ್ಪ ವಾಸಿ ಅನ್ನಿಸಿತು. ಇದರಿಂದ ಏನಾದರೂ ಗಿಟ್ಟಿದರೆ ಇಬ್ಬರೂ ಹಂಚಿಕೊಳ್ಳೋಣ ಎಂದು ಮಾತಾಗಿತ್ತಂತೆ. ಹಂಚಿಕೆ ಆಗಲಿಲ್ಲ.

‘ಪವಾಡದಂತೆ’ ಎಂದು ಬರೆದು, ಓದುಗ ಕೇಳಬೇಕಾದ ಪ್ರಶ್ನೆಯ ಬಾಯಿ ಮುಚ್ಚಿಸಿದ್ದೀರಿ. ಕಿವಿಯ ನರ ತಲೆಬುರುಡೆಯೊಳಗೇ ಮಿದುಳಿಗೆ ಸೇರುತ್ತದೆ, ಬೆನ್ನಿನ ಹಾದಿ ಹಿಡಿಯುವುದಿಲ್ಲ. ಹಾಗಿದ್ದರೆ ಆಗಿದ್ದೇನು? ಈ ಅನುಮಾನವನ್ನು ಇಟ್ಟುಕೊಂಡೇ ಬರೆಯಬಹುದಿತ್ತು. ಇನ್ನೊಂದು ಮಾತು: ಲೇಖನದುದ್ದಕ್ಕೂ ಪಾಮರ್ ‘ಅವರು’, ಲಿಲ್ಲಾರ್ಡ್ ‘ಅವನು’. ಕಪ್ಪುವರ್ಣದ ಕೆಲಸಗಾರನಿಗೆ ಏಕವಚನ ಸಾಕು ಎಂದು ನಿಮಗೆ ಹೇಳಿಕೊಟ್ಟವರಾರು?

ಎರಡನೆಯ ವಾಕ್ಯ: ‘ಹೀಗೆ ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಸೇವೆಯ ಜ್ಯೋತಿ ಅಖಂಡವಾಗಿ ಬೆಳಗುತ್ತಾ ಬಂತು.’

ನಾನು ಉಪಸಂಪಾದಕನಾಗಿ ಸೇರಿದಾಗ ನನ್ನ ಮೇಜಿಗೆ ಬರುತ್ತಿದ್ದದ್ದು ಸ್ಮರಣ ಸಂಚಿಕೆಗಳ ಬರಹ. ಅಂಗಡಿ, ಆಸ್ಪತ್ರೆ, ಮುದ್ರಣಾಲಯ, ಯಾವುದೇ ಇರಲಿ, ಸಂಸ್ಥಾಪಕರು ನಸುಕಿನಲ್ಲಿ ನಾಲ್ಕಕ್ಕೆ ಏಳುತ್ತಿದ್ದರು, ಮಕ್ಕಳು ಅವರ ಹೆಜ್ಜೆಯಲ್ಲೇ ನಡೆದರು. ನಮ್ಮ ಹಿರಿಯ ಸಂಪಾದಕರು ಕೆಂಪು ಪೆನ್ಸಿಲ್ ಹಿಡಿದು ಅಂಚಿನಲ್ಲಿ ‘ಪಾಲು?’ ಎಂದು ಗೀಚುತ್ತಿದ್ದರು. ಅಂದರೆ, ಆಸ್ತಿ ಪಾಲಾದದ್ದು ಯಾವಾಗ, ಯಾರು ಮುನಿಸಿಕೊಂಡರು, ಕೇಳಿಕೊಂಡು ಬಾ. ‘ಯಜಮಾನರನ್ನು ಕೇಳಬೇಡ, ಸೊಸೆಯನ್ನು ಕೇಳು’ ಅನ್ನುತ್ತಿದ್ದರು. ಹೋದೆಡೆಯಲ್ಲೆಲ್ಲ ಬಾಗಿಲು ಹಾಕಿಸಿಕೊಂಡಿದ್ದೇನೆ. ಒಳಗೆ ಬಿಟ್ಟ ಮನೆಗಳಲ್ಲಿ ಸಿಕ್ಕಿದ ಕಥೆಗಳ ಸೊಗಸೇ ಬೇರೆ.

ಪಾಮರ್ ಮನೆಯಲ್ಲಿ ಪಾಲಾದದ್ದು 1906ರಲ್ಲಿ. ಪರವಾನಗಿಯಿಲ್ಲದೆ ವೈದ್ಯ ಮಾಡಿದ್ದಕ್ಕೆ ಕೋರ್ಟು ದಂಡ ಹಾಕಿತು. ಕಟ್ಟುವುದಿಲ್ಲ ಎಂದು ತಂದೆ ಡಿ.ಡಿ. ಜೈಲಿಗೆ ಹೋದರು. ಹೊರಬಂದ ಮೇಲೆ ಡ್ಯಾವೆನ್‌ಪೋರ್ಟಿನ ತಮ್ಮ ಕೈರೊಪ್ರಾಕ್ಟಿಕ್ ಶಾಲೆಯ ಪಾಲನ್ನು ಮಗ ಬಿ.ಜೆ.ಗೆ ಮಾರಿದರು. ಸಿಕ್ಕಿದ್ದು ಎರಡು ಸಾವಿರ ಚಿಲ್ಲರೆ ಡಾಲರು, ಜೊತೆಗೊಂದಿಷ್ಟು ಪುಸ್ತಕ. ಆಮೇಲೆ ಒಕ್ಲಹೋಮಾಕ್ಕೆ ಹೋಗಿ ದಿನಸಿ ಅಂಗಡಿಗೆ ಕೂತರು. 1910ರಲ್ಲಿ ಪೋರ್ಟ್‌ಲ್ಯಾಂಡಿನಲ್ಲಿ ಸಾವಿರ ಪುಟದ ಗ್ರಂಥ ತಂದು ಅದರಲ್ಲಿ ಮಗನನ್ನು ಝಾಡಿಸಿದರು. 1913ರಲ್ಲಿ ಡ್ಯಾವೆನ್‌ಪೋರ್ಟಿನ ಮೆರವಣಿಗೆಯಲ್ಲಿ ಮಗನ ಕಾರು ಅಪ್ಪನಿಗೆ ಬಡಿಯಿತೆಂಬ ಆರೋಪ ಬಂತು, ಅದು ಸಾಬೀತಾಗಲಿಲ್ಲ. ಅದೇ ಅಕ್ಟೋಬರಿನಲ್ಲಿ ತಂದೆ ಲಾಸ್ ಏಂಜಲೀಸಿನಲ್ಲಿ ತೀರಿಕೊಂಡರು, ಟೈಫಾಯ್ಡ್ ಎಂದು ದಾಖಲಾಯಿತು. ಇದರಲ್ಲಿ ‘ಅಖಂಡ ಜ್ಯೋತಿ’ ಎಲ್ಲಿದೆ?

ಇದೆಲ್ಲ ನಿಮಗೆ ಗೊತ್ತಿಲ್ಲವೆಂದು ನನಗೆ ಅನ್ನಿಸುವುದಿಲ್ಲ. ಜೈಲಿನ ಸಂಗತಿ ನಿಮ್ಮಲ್ಲೂ ಇದೆ, ಆದರೆ ಅದನ್ನು ‘ತ್ಯಾಗ’ ಎಂದು ಕರೆದು ಮುಂದೆ ಹೋಗಿದ್ದೀರಿ. ಸಂಸ್ಥೆಯವರು ಹಿರಿಯರಿಗೆ ಕೊಟ್ಟ ಬಿರುದುಗಳನ್ನೇ ನಿಮ್ಮ ಉಪಶೀರ್ಷಿಕೆ ಮಾಡಿದ್ದೀರಿ: ಕಂಡುಹಿಡಿದವರು, ಬೆಳೆಸಿದವರು, ಕಲಿಸಿದವರು. ಅದು ಅವರ ಮನೆಯ ಬೋರ್ಡು.

ಸೊಸೆಯ ಮಾತು ಬಂತಲ್ಲ. ಬಿ.ಜೆ.ಯವರ ಹೆಂಡತಿ ಮೇಬಲ್ ತಾವೂ ಇದೇ ವಿದ್ಯೆ ಕಲಿತು, ಆ ಶಾಲೆಯಲ್ಲಿ ಶರೀರರಚನೆಯ ಪಾಠ ಹೇಳಿದವರು. ನಿಮ್ಮ ಲೇಖನದಲ್ಲಿ ಅವರಿಗೆ ಸಿಕ್ಕಿದ್ದು ‘ಧರ್ಮಪತ್ನಿ’ ಎಂಬ ಒಂದು ಪದ. 1906ರ ಜನವರಿಯಲ್ಲಿ ಅವರಿಗೆ ಗಂಡು ಮಗು ಹುಟ್ಟಿತು. ತಾತ ಡೇನಿಯಲ್ ಡೇವಿಡ್. ಮಗುವಿಗೆ ಅದೇ ಹೆಸರನ್ನು ಹಿಂದುಮುಂದು ಮಾಡಿ ಡೇವಿಡ್ ಡೇನಿಯಲ್ ಎಂದಿಟ್ಟರು. ಆ ವರ್ಷವೇ ತಾತ ಜೈಲು ಸೇರಿದ್ದು, ಶಾಲೆ ಕೈಬದಲಾದದ್ದು. 1961ರಲ್ಲಿ ಬಿ.ಜೆ. ತೀರಿಕೊಂಡ ಮೇಲೆ ಶಾಲೆಯ ಮುಖ್ಯಸ್ಥರ ಕುರ್ಚಿಗೆ ಬಂದವರು ಈ ಮಗುವೇ.

ಲೇಖನ ವಾಪಸು ಕಳಿಸುತ್ತಿದ್ದೇನೆ. ತಿದ್ದಬೇಡಿ, ಹೊಸದಾಗಿ ಬರೆಯಿರಿ. 1906ರಿಂದ ಶುರುಮಾಡಿ, ಲಿಲ್ಲಾರ್ಡರ ಸಂಗತಿ ಬಂದಾಗ ಮೂವರು ಹೇಳಿದ್ದನ್ನೂ ಇಡಿ. ಉದ್ದವಾದರೆ ಕೊನೆಯ ಎರಡು ಪುಟ ನಾನೇ ಕತ್ತರಿಸುತ್ತೇನೆ. ಈಗಿನ ಕರಡಿನಲ್ಲೂ ಅಲ್ಲಿ ಬರೀ ಹಾರೈಕೆ ಇದೆ.

ನಿಮ್ಮ,
ಸಂಪಾದಕ