ಬಾಸ್ ಗಿಟಾರಿನ ನಾದ ಆಂಪ್‌ನಲ್ಲಿದೆಯೋ, ಸ್ಪೀಕರ್ ಪೆಟ್ಟಿಗೆಯಲ್ಲಿದೆಯೋ?

ನಿಮ್ಮ ಬಳಿ ಹತ್ತು ಇಂಚಿನ ಒಂದೇ ಸ್ಪೀಕರ್ ಇರುವ 50 ವ್ಯಾಟಿನ ಕಾಂಬೋ, ಅಂದರೆ ಆಂಪ್ ಮತ್ತು ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿರುವ ಸಾಧನ, ಇದೆ ಎಂದಿದ್ದೀರಿ. ಮನೆಯಲ್ಲಿ ಒಬ್ಬರೇ ನುಡಿಸುವಾಗ ನಾದ ತುಂಬಿಕೊಂಡಿರುತ್ತದೆ. ಡ್ರಮ್ಸ್ ಮತ್ತು ಎರಡು ಗಿಟಾರ್ ಸೇರಿದ ಕೂಡಲೇ ನಿಮ್ಮ ಸ್ವರ ನಿಮಗೇ ಕೇಳಿಸುವುದಿಲ್ಲ. 300 ವ್ಯಾಟಿನ ಹೆಡ್ (ಸ್ಪೀಕರ್ ಇಲ್ಲದ ಬರೀ ಆಂಪ್) ಕೊಳ್ಳಬೇಕೋ, ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ) ಕೊಳ್ಳಬೇಕೋ, ಹಳೆಯ ರೆಕಾರ್ಡುಗಳಲ್ಲಿ ಕೇಳುವ ಆ ಗಟ್ಟಿ ನಾದ ಇವೆರಡರಲ್ಲಿ ಯಾವುದರಿಂದ ಬರುತ್ತದೆ ಎಂದು ಕೇಳಿದ್ದೀರಿ. ಬಹಳ ಕಾಲದಿಂದ ಬಾಸ್ ನುಡಿಸುತ್ತಿರುವ ನನ್ನ ಸಲಹೆ ಇದು: ಹಣವನ್ನು ಮೊದಲು ಕ್ಯಾಬಿನೆಟ್ಟಿಗೆ ಹಾಕಿ, ಹೆಡ್ ಆಮೇಲೆ. ಅದಕ್ಕೂ ಮೊದಲು, ಒಂದು ರೂಪಾಯಿಯೂ ಖರ್ಚಿಲ್ಲದೆ ಇವತ್ತೇ ಮಾಡಬಹುದಾದ ಕೆಲಸವೊಂದಿದೆ. ತಗ್ಗು ಸ್ವರಗಳ ಬಾಸ್ ನಾಬ್ ಇಳಿಸಿ, ನಡುವಿನ ಸ್ವರಗಳ ಮಿಡ್ ನಾಬ್ ಏರಿಸಿ.

ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವ ಮಾತು ವ್ಯಾಟ್. ಶಕ್ತಿಯನ್ನು ಎರಡರಷ್ಟು ಮಾಡಿದರೆ ಶಬ್ದದ ಮಟ್ಟ ಏರುವುದು ಕೇವಲ 3 ಡೆಸಿಬೆಲ್. ಕಿವಿಗೆ ಅದು ಸ್ವಲ್ಪ ಹೆಚ್ಚಾದಂತೆ ಅನ್ನಿಸುತ್ತದೆ, ಅಷ್ಟೇ. ಎರಡು ಪಟ್ಟು ಜೋರಾಯಿತು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. 50ರಿಂದ 300ಕ್ಕೆ ಹೋದರೆ ನಿಮಗೆ ಸಿಗುವುದು 8 ಡೆಸಿಬೆಲ್‌ನಷ್ಟು. ಅದೂ ಈಗಿರುವ ಒಂಟಿ ಸ್ಪೀಕರ್ ಆ ಶಕ್ತಿಯನ್ನು ತಾಳಿಕೊಂಡರೆ. ಅದು ತಾಳುವುದಿಲ್ಲ. ಇನ್ನೊಂದು ಕಡೆ, ಕ್ಯಾಬಿನೆಟ್ಟಿನ ಮಾಹಿತಿ ಹಾಳೆಯಲ್ಲಿ ಸೆನ್ಸಿಟಿವಿಟಿ ಎಂಬ ಸಂಖ್ಯೆ ಇರುತ್ತದೆ. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಶಬ್ದ ಬರುತ್ತದೆ ಎಂಬುದನ್ನು ಅದು ಹೇಳುತ್ತದೆ. 94 ಡೆಸಿಬೆಲ್‌ನ ಪೆಟ್ಟಿಗೆಗೂ 100 ಡೆಸಿಬೆಲ್‌ನ ಪೆಟ್ಟಿಗೆಗೂ ಇರುವ ಅಂತರ ನಾಲ್ಕು ಪಟ್ಟು ಶಕ್ತಿಗೆ ಸಮ. ಮೊದಲನೆಯದಕ್ಕೆ 400 ವ್ಯಾಟ್ ಕೊಟ್ಟರೆ ಬರುವ ಶಬ್ದ ಎರಡನೆಯದಕ್ಕೆ 100 ವ್ಯಾಟ್ ಕೊಟ್ಟರೇ ಬರುತ್ತದೆ. ಎಲ್ಲ ಕಂಪನಿಗಳೂ ಇದನ್ನು ಒಂದೇ ರೀತಿ ಅಳೆಯುವುದಿಲ್ಲ, ಹಾಗಾಗಿ ಈ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬಬೇಡಿ. ಆದರೂ ಹೆಡ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ ವ್ಯಾಟಿಗಿಂತ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಪೆಟ್ಟಿಗೆ ಯಾಕೆ ಇಷ್ಟು ಮುಖ್ಯ? ಸ್ಪೀಕರಿನ ಕೋನ್ ಮುಂದಕ್ಕೆ ಗಾಳಿಯನ್ನು ತಳ್ಳುವಾಗ ಹಿಂದಿನಿಂದ ಅದೇ ಗಾಳಿಯನ್ನು ಎಳೆಯುತ್ತದೆ. ನಡುವೆ ತಡೆ ಇಲ್ಲದಿದ್ದರೆ ಕೆಳಗಿನ ಸ್ವರಗಳಲ್ಲಿ ಮುಂದಿನ ಅಲೆಯೂ ಹಿಂದಿನ ಅಲೆಯೂ ಒಂದನ್ನೊಂದು ಅಳಿಸಿಬಿಡುತ್ತವೆ. ವೀಣೆಯ ತಂತಿಗೆ ಕೊಡ ಎಷ್ಟು ಮುಖ್ಯವೋ ಬಾಸಿಗೆ ಈ ಪೆಟ್ಟಿಗೆ ಅಷ್ಟೇ ಮುಖ್ಯ. ಗಿಟಾರ್ ತಯಾರಕ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬಾಸ್ ತಂದರು, 1952ರಲ್ಲಿ ಅದಕ್ಕೆಂದೇ ಬಾಸ್‌ಮನ್ ಆಂಪ್ ಮಾಡಿದರು. ಐವತ್ತರ ದಶಕದ ಕೊನೆಗೆ ಬಾಸ್‌ಮನ್‌ನಲ್ಲಿ ಹತ್ತು ಇಂಚಿನ ನಾಲ್ಕು ಸ್ಪೀಕರ್‌ಗಳಿದ್ದವು, ಪೆಟ್ಟಿಗೆಯ ಹಿಂಭಾಗ ತೆರೆದಿತ್ತು. ಬಾಸಿಗೆ ಅದು ಸಾಲದಾಯಿತು, ಗಿಟಾರ್ ವಾದಕರಿಗೆ ಮಾತ್ರ ಪ್ರಾಣವಾಯಿತು. ಲಂಡನ್ನಿನಲ್ಲಿ ಜಿಮ್ ಮಾರ್ಷಲ್ ಅವರ ಬಳಗ ಅದರ ಸರ್ಕಿಟ್ಟನ್ನೇ ಆಧಾರವಾಗಿಟ್ಟುಕೊಂಡು ತಮ್ಮ ಮೊದಲ ಆಂಪ್ ಕಟ್ಟಿತು. ಬಾಸಿಗೆಂದು ಮಾಡಿದ ಆಂಪ್ ರಾಕ್ ಗಿಟಾರಿನ ದನಿಯಾಗಿ ಬೆಳೆದ ಕಥೆ ಇದು.

ನೀವು ಹೇಳುವ 'ಗಟ್ಟಿ ನಾದ'ದ ಬೇರು ಆಂಪೆಗ್ ಕಂಪನಿಯಲ್ಲಿದೆ. ಅದರ ಸ್ಥಾಪಕ ಎವರೆಟ್ ಹಲ್ ಸ್ವತಃ ಡಬಲ್ ಬಾಸ್ ವಾದಕ. ವಾದ್ಯ ನೆಲಕ್ಕೆ ಊರುವ ಗೂಟದೊಳಗೆ ಮೈಕ್ ಅಳವಡಿಸುವುದರಿಂದ ಕೆಲಸ ಆರಂಭಿಸಿದವರು. ಕರ್ಕಶವಾದ ನಾದವೆಂದರೆ ಅವರಿಗೆ ಆಗುತ್ತಿರಲಿಲ್ಲ. 1960ರಲ್ಲಿ ಜೆಸ್ ಆಲಿವರ್ ರೂಪಿಸಿದ ಬಿ-15 ಬಂತು. ಹದಿನೈದು ಇಂಚಿನ ಒಂದು ಸ್ಪೀಕರ್, ಸುಮಾರು 25 ವ್ಯಾಟಿನ ಟ್ಯೂಬ್ (ನಿರ್ವಾತ ನಳಿಕೆಯ) ಆಂಪ್. ಕೆಲಸ ಮುಗಿದ ಮೇಲೆ ಆಂಪನ್ನು ಮಗುಚಿ ಪೆಟ್ಟಿಗೆಯೊಳಗೇ ಇಳಿಸಬಹುದಿತ್ತು. ಇಪ್ಪತ್ತೈದೇ ವ್ಯಾಟ್. ಆದರೂ ಅಮೆರಿಕದ ಎಷ್ಟೋ ಸ್ಟುಡಿಯೋಗಳಲ್ಲಿ ಅದು ಕಾಯಂ ಸಾಮಾನಾಯಿತು, ಏಕೆಂದರೆ ಮೈಕಿನ ಮುಂದೆ ಅದರ ದನಿ ದುಂಡಗೆ, ಅಂಚು ಮೃದುವಾಗಿ ಬರುತ್ತಿತ್ತು.

ಇಲ್ಲಿ ಒಂದು ಎಚ್ಚರಿಕೆ. ಡೆಟ್ರಾಯಿಟ್‌ನ ಮೋಟೌನ್ ರೆಕಾರ್ಡ್ ಕಂಪನಿಯ ಹಾಡುಗಳಲ್ಲಿ ಜೇಮ್ಸ್ ಜೇಮರ್ಸನ್ ನುಡಿಸಿದ ಬಾಸ್ ಕೇಳಿ, ಅದು ಬಿ-15ರ ನಾದ ಎಂದು ಬಹಳ ಜನ ತಿಳಿದಿದ್ದಾರೆ. ಕ್ಲಬ್ಬುಗಳಲ್ಲಿ ಅವರು ಬಿ-15 ಬಳಸುತ್ತಿದ್ದದ್ದು ನಿಜ. ಸ್ಟುಡಿಯೋದಲ್ಲಿ ಮಾತ್ರ ಹೆಚ್ಚಾಗಿ ಅವರ ಬಾಸ್ ಆಂಪ್ ಇಲ್ಲದೆ ನೇರವಾಗಿ ಕನ್ಸೋಲಿಗೆ, ಅಂದರೆ ರೆಕಾರ್ಡಿಂಗ್ ಮಿಕ್ಸರಿಗೆ, ಹೋಗುತ್ತಿತ್ತು. ಅಲ್ಲಿ ಕೇಳುವುದು ಅವರ ತೋರುಬೆರಳು, ಅಪರೂಪಕ್ಕೆ ಬದಲಿಸುತ್ತಿದ್ದ ನುಣುಪಾದ ಫ್ಲಾಟ್‌ವೌಂಡ್ ತಂತಿಗಳು ಮತ್ತು ಕನ್ಸೋಲ್. ಆ ನಾದವೇ ಬೇಕು ಎಂದಾದರೆ ಆಂಪ್ ಕೊಳ್ಳುವ ಮೊದಲು ಒಂದು ಸೆಟ್ ಫ್ಲಾಟ್‌ವೌಂಡ್ ತಂತಿ ಕೊಳ್ಳಿ. ಬೆಲೆಗೆ ಹೋಲಿಸಿದರೆ ಅಷ್ಟು ದೊಡ್ಡ ಬದಲಾವಣೆ ತರುವ ಸಾಮಾನು ಬೇರೊಂದಿಲ್ಲ.

ದೊಡ್ಡ ವೇದಿಕೆಗಳ ಗಟ್ಟಿ ನಾದದ ಕಥೆಯೇ ಬೇರೆ. 1969ರಲ್ಲಿ ಆಂಪೆಗ್ ಎಸ್‌ವಿಟಿ ಹೊರತಂದಿತು: 14 ಟ್ಯೂಬುಗಳು, 300 ವ್ಯಾಟ್, ಹೆಡ್ ಒಂದೇ 35 ಕಿಲೋ ಮೀರಿದ ಭಾರ. ರೋಲಿಂಗ್ ಸ್ಟೋನ್ಸ್ ಬಳಗ ಅದೇ ವರ್ಷ ಅಮೆರಿಕ ಪ್ರವಾಸದಲ್ಲಿ ಅದನ್ನು ಬಳಸಿತು. ಅದರ ಜೊತೆಗಿನ ಕ್ಯಾಬಿನೆಟ್ಟಿನಲ್ಲಿ ಹತ್ತು ಇಂಚಿನ ಎಂಟು ಸ್ಪೀಕರ್‌ಗಳು. ಅದರ ಇತ್ತೀಚಿನ ರೂಪವಾದ 810ಇ ಕ್ಯಾಬಿನೆಟ್ಟಿನ ಮಾಹಿತಿ ಹಾಳೆಯಲ್ಲಿ ನನ್ನನ್ನು ಇಂದಿಗೂ ಬೆರಗುಗೊಳಿಸುವ ಸಂಖ್ಯೆಯೊಂದಿದೆ: ಅದು ಪೂರ್ಣ ಬಲದಿಂದ ನುಡಿಯುವುದು 58 ಹರ್ಟ್ಸ್‌ನಿಂದ ಮೇಲಕ್ಕೆ. 40 ಹರ್ಟ್ಸ್‌ಗೆ ಬರುವಷ್ಟರಲ್ಲಿ 10 ಡೆಸಿಬೆಲ್ ಕುಸಿದಿರುತ್ತದೆ. ಬಾಸಿನ ಅತಿ ಕೆಳಗಿನ ಇ ತಂತಿಯ ಮೂಲಸ್ವರ 41 ಹರ್ಟ್ಸ್. ಅಂದರೆ ಬಾಸ್ ಲೋಕದ ಅತ್ಯಂತ ಹೆಸರಾದ ಕ್ಯಾಬಿನೆಟ್ ಬಾಸಿನ ಅತ್ಯಂತ ಕೆಳಗಿನ ಸ್ವರದ ಮೂಲವನ್ನು ಸರಿಯಾಗಿ ಹೊರಡಿಸುವುದೇ ಇಲ್ಲ!

ಆದರೂ ಅದರ ಮುಂದೆ ನಿಂತವರಿಗೆ ಎದೆ ನಡುಗಿದಂತಾಗುತ್ತದೆ. ತಂತಿಯನ್ನು ಮೀಟಿದಾಗ 41 ಹರ್ಟ್ಸ್ ಮಾತ್ರವಲ್ಲ, 82, 123, 164 ಹೀಗೆ ಹಾರ್ಮೋನಿಕ್‌ಗಳ ಸಾಲೇ ಹೊರಡುತ್ತದೆ. ಆ ಸಾಲು ಕೇಳಿದರೆ ಸಾಕು, ಮೂಲ ಇಲ್ಲದಿದ್ದರೂ ನಮ್ಮ ಮಿದುಳು ಸ್ವರವನ್ನು ಕೂಡಿಸಿಕೊಳ್ಳುತ್ತದೆ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲೂ ಬಾಸ್ ಯಾವ ಸ್ವರ ನುಡಿಸುತ್ತಿದೆ ಎಂದು ಗುರುತಿಸಬಲ್ಲಿರಿ, ಕಾರಣ ಇದೇ. 80ರಿಂದ 800 ಹರ್ಟ್ಸ್‌ವರೆಗಿನ ಭಾಗ ಗಟ್ಟಿಯಾಗಿ, ಬೇಗನೆ ಬಂದರೆ ಬಾಸ್ 'ದೊಡ್ಡದಾಗಿ' ಕೇಳಿಸುತ್ತದೆ. ಎಂಟು ಕೋನ್‌ಗಳು ಕೆಲಸ ಹಂಚಿಕೊಳ್ಳುವುದರಿಂದ ಪ್ರತಿಯೊಂದೂ ಕಡಿಮೆ ಅಲುಗಾಡುತ್ತದೆ, ಹಾಗಾಗಿ ಬೆರಳಿನ ಪೆಟ್ಟು ಮಸುಕಾಗುವುದಿಲ್ಲ. ಸುಮಾರು ನಾಲ್ಕು ಅಡಿ ಎತ್ತರದ ಪೆಟ್ಟಿಗೆಯಾದ್ದರಿಂದ ಮೇಲಿನ ಸ್ಪೀಕರ್‌ಗಳು ವಾದಕನ ಕಿವಿಯ ಹತ್ತಿರ ಬರುತ್ತವೆ. ಇದರ ಲಾಭವನ್ನು ಯಾರೂ ಹೇಳುವುದಿಲ್ಲ, ನನಗೆ ಮಾತ್ರ ಅದು ಅರ್ಧದಷ್ಟು ಗುಟ್ಟು ಅನ್ನಿಸುತ್ತದೆ.

ಈ ಕ್ಯಾಬಿನೆಟ್ ಪೂರ್ತಿ ಮುಚ್ಚಿದ್ದು. ಈಗ ಅಂಗಡಿಯಲ್ಲಿ ಸಿಗುವ ಹೆಚ್ಚಿನವು ಪೋರ್ಟ್ ಇರುವಂಥವು, ಅಂದರೆ ಅಳತೆ ಮಾಡಿ ಬಿಟ್ಟ ರಂಧ್ರ ಇರುವಂಥವು. ಮುಚ್ಚಿದ ಪೆಟ್ಟಿಗೆಯಲ್ಲಿ ಕೆಳಗಿನ ಸ್ವರಗಳು ನಿಧಾನವಾಗಿ ಕರಗುತ್ತವೆ, ಒಳಗಿನ ಗಾಳಿ ಕೋನನ್ನು ಬಿಗಿಯಾಗಿ ಹಿಡಿದಿರುತ್ತದೆ. ಪೋರ್ಟ್ ಇದ್ದರೆ ಇನ್ನೂ ಕೆಳಗಿನವರೆಗೆ ನಾದ ನಿಲ್ಲುತ್ತದೆ, ಆದರೆ ಪೋರ್ಟನ್ನು ಶ್ರುತಿ ಮಾಡಿದ ಬಿಂದುವಿನ ಕೆಳಗೆ ಕಡಿದಾಗಿ ಬಿದ್ದುಹೋಗುತ್ತದೆ. ಅಲ್ಲಿ ಕೋನಿಗೆ ಗಾಳಿಯ ಹಿಡಿತವೂ ಇರುವುದಿಲ್ಲ. ಐದು ತಂತಿಯ ಬಾಸಿನ ಕೆಳಗಿನ ಬಿ, ಅಂದರೆ 31 ಹರ್ಟ್ಸ್, ಜೋರಾಗಿ ನುಡಿಸಿದರೆ ಸ್ಪೀಕರ್ ಹಾಳಾಗುವುದು ಹೀಗೆಯೇ. ನೆವಿಲ್ ಥೀಲ್ ಮತ್ತು ರಿಚರ್ಡ್ ಸ್ಮಾಲ್ ಈ ಲೆಕ್ಕವನ್ನು ಕ್ರಮಬದ್ಧವಾಗಿ ಬರೆದಿಟ್ಟ ಮೇಲೆ ಪೆಟ್ಟಿಗೆ ಕಟ್ಟುವುದು ಊಹೆಯ ಕೆಲಸವಾಗಿ ಉಳಿಯಲಿಲ್ಲ. ಆದರೂ ಒಂದು ಕಟ್ಟುಪಾಡನ್ನು ಯಾರೂ ಮೀರಲಾರರು: ಚಿಕ್ಕ ಪೆಟ್ಟಿಗೆ, ಆಳದ ಬಾಸ್, ಹೆಚ್ಚಿನ ಸೆನ್ಸಿಟಿವಿಟಿ, ಈ ಮೂರರಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳಬಹುದು. ಮೂರೂ ಇದೆ ಎಂದು ಹೇಳುವ ಜಾಹೀರಾತನ್ನು ನಂಬಬೇಡಿ.

ಹತ್ತು ಇಂಚು ಎಂದರೆ ಚುರುಕು, ಹದಿನೈದು ಎಂದರೆ ಆಳ ಎಂಬ ಮಾತೂ ಅರ್ಧ ಸತ್ಯ. ಒಳ್ಳೆಯ ಪೆಟ್ಟಿಗೆಯಲ್ಲಿರುವ ಹತ್ತು ಇಂಚಿನ ಜೋಡಿ, ಕಳಪೆ ಪೆಟ್ಟಿಗೆಯ ಹದಿನೈದಕ್ಕಿಂತ ಆಳಕ್ಕೆ ಹೋಗಬಲ್ಲದು. ಅಳತೆ ಖಚಿತವಾಗಿ ಬದಲಿಸುವುದು ಬೇರೆಯದನ್ನು: ಕೋನ್ ದೊಡ್ಡದಾದಷ್ಟೂ ಮೇಲಿನ ಸ್ವರಗಳು ಬದಿಗೆ ಹರಡದೆ ನೇರ ಮುಂದಕ್ಕೆ ಹೋಗುತ್ತವೆ.

ಹಾಗಾದರೆ ಆಂಪ್‌ಗೆ ಪಾಲೇ ಇಲ್ಲವೇ? ಖಂಡಿತ ಇದೆ. ಟ್ಯೂಬ್ ಆಂಪ್ ಮಿತಿಯ ಹತ್ತಿರ ಬಂದಾಗ ಥಟ್ಟನೆ ಒಡೆಯುವುದಿಲ್ಲ. ಪೆಟ್ಟಿನ ತುದಿಯನ್ನು ಒತ್ತಿ ಹಿಡಿದು ಹಾರ್ಮೋನಿಕ್‌ಗಳನ್ನು ಸೇರಿಸುತ್ತದೆ, ಅದೇ ವ್ಯಾಟಿನಲ್ಲಿ ಹೆಚ್ಚು ಜೋರಾಗಿ ಕೇಳಿಸುತ್ತದೆ. ಹಳೆಯ ಫೆಂಡರ್ ಮಾದರಿಯ ಟೋನ್ ಸರ್ಕಿಟ್‌ನಲ್ಲಿ ಎಲ್ಲ ನಾಬ್‌ಗಳೂ ನಡುವೆ ಇದ್ದಾಗಲೇ ಮಿಡ್ ತಗ್ಗಿರುತ್ತದೆ. ಹಾಗಾಗಿ ನಾಬ್ ನೋಡಿ 'ಸಮ' ಎಂದುಕೊಳ್ಳಬೇಡಿ. ಎಂಬತ್ತರ ದಶಕದಲ್ಲಿ ಎಸ್‌ಡಬ್ಲ್ಯುಆರ್‌ನಂಥ ಕಂಪನಿಗಳು ಕ್ಯಾಬಿನೆಟ್ಟಿಗೆ ಟ್ವೀಟರ್ (ಮೇಲಿನ ಸ್ವರಗಳ ಪುಟ್ಟ ಸ್ಪೀಕರ್) ಸೇರಿಸಿದ ಮೇಲೆ ಸ್ಲ್ಯಾಪ್, ಅಂದರೆ ಹೆಬ್ಬೆರಳಿನಿಂದ ತಂತಿಗೆ ಬಡಿದು, ನುಡಿಸುವವರ ಮಿನುಗುವ ನಾದ ವೇದಿಕೆಗೆ ಬಂತು. ನೀವು ಡಿಸ್ಟಾರ್ಷನ್ ಪೆಡಲ್ ಬಳಸುವುದಾದರೆ ಟ್ವೀಟರನ್ನು ಆಫ್ ಮಾಡಿಬಿಡಿ, ಇಲ್ಲದಿದ್ದರೆ ಕಿವಿಗೆ ಗರಗಸ ಹಾಕಿದಂತಿರುತ್ತದೆ. ಈಗಿನ ಕ್ಲಾಸ್ ಡಿ ಎಂಬ ಹಗುರ ಬಗೆಯ ಹೆಡ್‌ಗಳು ಎರಡು ಮೂರು ಕಿಲೋ ಭಾರದಲ್ಲೇ ನೂರಾರು ವ್ಯಾಟ್ ಕೊಡುತ್ತವೆ. ಶಕ್ತಿ ಅಗ್ಗವಾಗಿದೆ, ಆದ್ದರಿಂದಲೇ ಹೆಡ್ ಆಮೇಲೆ ಎಂದೆ.

ಈಗ ನಿಮ್ಮ ರಿಹರ್ಸಲ್ ಕೋಣೆಗೆ ಬರೋಣ. ಒಬ್ಬರೇ ನುಡಿಸುವಾಗ ಬಾಸ್ ಮತ್ತು ಟ್ರೆಬಲ್ ಏರಿಸಿ ಮಿಡ್ ತಗ್ಗಿಸಿದರೆ ಬಹಳ ಸೊಗಸು. ಬ್ಯಾಂಡ್ ಸೇರಿದಾಗ ಸಿಂಬಲ್‌ಗಳು ನಿಮ್ಮ ಟ್ರೆಬಲನ್ನು ನುಂಗುತ್ತವೆ, ಕಿಕ್ ಡ್ರಮ್ ಮತ್ತು ಕೋಣೆಯ ಗೋಡೆಗಳು ತಳವನ್ನು ನುಂಗುತ್ತವೆ. ನಿಮ್ಮದೇ ಆಗಬೇಕಿದ್ದ ಮಿಡ್ ಅನ್ನು ನೀವೇ ತೆಗೆದುಹಾಕಿರುತ್ತೀರಿ. ಬಾಸ್ ನಾಬನ್ನು 6 ಡೆಸಿಬೆಲ್ ಏರಿಸುವುದೆಂದರೆ ಆ ಸ್ವರಗಳಿಗೆ ನಾಲ್ಕು ಪಟ್ಟು ವ್ಯಾಟ್ ಕೇಳಿದಂತೆ. ಸ್ವರ ಒಂದು ಸ್ಥಾಯಿ ಕೆಳಗಿಳಿದರೆ ಅಷ್ಟೇ ಜೋರಿಗೆ ಕೋನ್ ನಾಲ್ಕು ಪಟ್ಟು ದೂರ ಚಲಿಸಬೇಕು. ಹತ್ತು ಇಂಚಿನ ಒಂಟಿ ಸ್ಪೀಕರ್ ಅಲ್ಲಿಯೇ ಸುಸ್ತಾಗುತ್ತದೆ. 250ರಿಂದ 800 ಹರ್ಟ್ಸ್ ನಡುವೆ ಏರಿಸಿ. ಒಬ್ಬರೇ ಇದ್ದಾಗ ಮೂಗಿನಿಂದ ಹಾಡಿದಂತೆ ಕೇಳಿಸುತ್ತದೆ, ಹೆದರಬೇಡಿ. ಡ್ರಮ್ಸ್ ಶುರುವಾದ ಮೇಲೆ ಅದೇ ನಾದ ಸರಿಯಾದ ಜಾಗದಲ್ಲಿ ಕೂರುತ್ತದೆ. ಕಾಂಬೋವನ್ನು ಮೂಲೆಯಿಂದ ಹೊರಗೆ ತನ್ನಿ, ಮೂಲೆ ಗುಂಯ್ ಎನ್ನುವ ಮೊಳಗನ್ನು ಹೆಚ್ಚಿಸುತ್ತದೆ. ಒಂದು ಗಟ್ಟಿ ಕುರ್ಚಿಯ ಮೇಲಿಟ್ಟು ಕಿವಿಯ ಕಡೆ ವಾಲಿಸಿ. ಈಗ ಅದು ನಿಮ್ಮ ಮೊಣಕಾಲಿಗೆ ನುಡಿಯುತ್ತಿದೆ.

ಇಷ್ಟಾದರೂ ಸಾಲದಿದ್ದರೆ ಹತ್ತು ಇಂಚಿನ ಎರಡು ಅಥವಾ ಹನ್ನೆರಡು ಇಂಚಿನ ಎರಡು ಸ್ಪೀಕರ್ ಇರುವ 8 ಓಮ್ (ವಿದ್ಯುತ್ ತಡೆಯ ಅಳತೆ) ಕ್ಯಾಬಿನೆಟ್ ಕೊಳ್ಳಿ. ಮುಂದೆ ಅಂಥದ್ದೇ ಇನ್ನೊಂದು ಸೇರಿಸಿದರೆ ಒಟ್ಟು 4 ಓಮ್ ಆಗುತ್ತದೆ, ಬಹುತೇಕ ಹೆಡ್‌ಗಳಿಗೆ ಅದು ಒಗ್ಗುತ್ತದೆ. ಎರಡನ್ನೂ ಅಕ್ಕಪಕ್ಕ ಇಡಬೇಡಿ, ಒಂದರ ಮೇಲೊಂದು ನಿಲ್ಲಿಸಿ. ಕೋಣೆಯ ಬದಿಗಳಲ್ಲಿ ನಿಂತವರಿಗೂ ನಾದ ಸಮನಾಗಿ ತಲುಪುತ್ತದೆ. ಹೆಡ್ಡಿಗೂ ಕ್ಯಾಬಿನೆಟ್ಟಿಗೂ ನಡುವೆ ಗಿಟಾರಿನ ತೆಳು ಕೇಬಲ್ ಹಾಕಲೇಬೇಡಿ, ಸ್ಪೀಕರ್ ಕೇಬಲ್ಲೇ ಬೇಕು. ಟ್ಯೂಬ್ ಹೆಡ್ ಆದರೆ ಸ್ಪೀಕರ್ ಜೋಡಿಸದೆ ಎಂದೂ ನುಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ದೊಡ್ಡ ಕಾರ್ಯಕ್ರಮಗಳಲ್ಲಿ ಸಭಿಕರಿಗೆ ನಿಮ್ಮ ಬಾಸ್ ಹೋಗುವುದು ಡಿಐ (ಬಾಸಿನ ಸಿಗ್ನಲನ್ನು ನೇರ ಮಿಕ್ಸರಿಗೆ ಕಳಿಸುವ ಜೋಡಣೆ) ಮೂಲಕ ಸಭಾಂಗಣದ ಸ್ಪೀಕರ್‌ಗಳಿಗೆ. ವೇದಿಕೆಯ ಕ್ಯಾಬಿನೆಟ್ ನಿಮಗೂ ಡ್ರಮ್ಮರ್‌ಗೂ ಕೇಳಿಸಿದರೆ ಸಾಕು. ಆದ್ದರಿಂದ ಎಂಟು ಸ್ಪೀಕರ್‌ಗಳ ಅರವತ್ತು ಕಿಲೋ ಪೆಟ್ಟಿಗೆಯನ್ನು ಮೆಟ್ಟಿಲು ಹತ್ತಿಸುವ ಅಗತ್ಯ ನಿಮಗಿಲ್ಲ.

ಅಂಗಡಿಗೆ ಹೋಗುವಾಗ ನಿಮ್ಮದೇ ಬಾಸ್ ಒಯ್ಯಿರಿ. ಸಾಧ್ಯವಾದರೆ ನಿಮ್ಮ ಡ್ರಮ್ಮರನ್ನು ಕರೆದುಕೊಂಡು ಹೋಗಿ, ಹದಿನೈದು ಅಡಿ ದೂರ ನಿಂತು ಕೇಳಲು ಹೇಳಿ. ಕೆಳಗಿನ ಇ ಸ್ವರದ ಅಲೆಯೇ ಎಂಟು ಮೀಟರಿಗಿಂತ ಉದ್ದ, ಕೋಣೆಯ ಒಂದೊಂದು ಜಾಗದಲ್ಲಿ ಒಂದೊಂದು ಥರ ಕೇಳಿಸುತ್ತದೆ. ನಿಮ್ಮ ಕಾಂಬೋದ ಹಿಂದೆ ಹೊರಗಿನ ಸ್ಪೀಕರಿಗೆ ಜಾಕ್ ಇದೆಯೇ ನೋಡಿ, ಇದ್ದರೆ ಅದರ ಪಕ್ಕದಲ್ಲಿ ಬರೆದಿರುವ ಓಮ್ ಸಂಖ್ಯೆಯನ್ನು ಇಲ್ಲಿ ತಿಳಿಸಿ. ಈಗಲೇ ಹೆಡ್ ಕೊಳ್ಳದೆ ಯಾವ ಕ್ಯಾಬಿನೆಟ್ಟನ್ನು ಅದಕ್ಕೆ ಜೋಡಿಸಬಹುದು ಎಂದು ಹೇಳುತ್ತೇನೆ.